ರಿಟೈರ್ ಆದವರನ್ನ ನೋಡಿಕೊಳ್ಳೋರು ಯಾರು?

ಬೆಂಗಳೂರಿನ ಕೆ.ಆರ್. ಪುರದ ಹತ್ತಿರದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಆಮೇಲೆ ಎಚ್‌ಎಎಲ್. ಈ ಕಾರ್ಖಾನೆಗಳಲ್ಲೆಲ್ಲ ಶಿಫ್ಟ್ ಕೆಲಸ ಮಾಡಿದವರು ಎಷ್ಟೋ ಜನ ಈಗ ಅಜ್ಜ-ಅಜ್ಜಿಯರು.

ಕಾರ್ಖಾನೆ ಕೆಲಸದವರ ಪಿಎಫ್ ಪಿಂಚಣಿಗೆ ಇಪಿಎಸ್-95 ಅಂತ ಹೆಸರು. 2014ರಲ್ಲಿ ಇದರ ಕನಿಷ್ಠ ಮೊತ್ತ ನಿಗದಿಯಾಯ್ತು: ತಿಂಗಳಿಗೆ 1,000 ರೂಪಾಯಿ. ಬಿಪಿ, ಶುಗರ್ ಮಾತ್ರೆಗೇ ಸರಿಹೋಗುತ್ತೆ.

ಹಿರಿಯರ ಬದುಕು ಹೇಗಿದೆ ಅಂತ ತಿಳಿಯೋಕೆ ದೇಶದಲ್ಲಿ ಒಂದು ದೊಡ್ಡ ಸಮೀಕ್ಷೆ ಇದೆ, ಲಾಸಿ. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನ ಮಾತಾಡಿಸಿದ್ರು. ಬರೀ ಪ್ರಶ್ನೆ ಅಲ್ಲ. ಕೈಗೆ ಒಂದು ಹಿಡಿಕೆ ಕೊಟ್ಟು, ಗಟ್ಟಿಯಾಗಿ ಒತ್ತಿ ಅಂತಾರೆ. ಕೈಬಲ ಅಳೆಯೋದು ಹಾಗೆ. ಹತ್ತು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು, ನೆನಪಿದ್ದಷ್ಟು ಹೇಳಿ ಅಂತಾರೆ. ಸ್ನಾನಕ್ಕೆ, ಊಟಕ್ಕೆ, ಶೌಚಕ್ಕೆ ಯಾರಾದರೂ ಬೇಕಾ? ಬೇಕಿದ್ರೆ ಯಾರು ಮಾಡ್ತಾರೆ? ಅದನ್ನೂ ಕೇಳ್ತಾರೆ.

ನಮ್ಮ ಮನೆಗಳಲ್ಲಿ ಆ ಕೊನೇ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಹೆಂಡತಿ, ಸೊಸೆ, ಮಗಳು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಒಪಿಡಿ ಚೀಟಿ ಹಿಡಿದು ಕ್ಯೂ ನಿಲ್ಲೋದೂ ಬಹಳ ಸಲ ಅವರೇ. ಈ ಕೆಲಸಕ್ಕೆ ಸಂಬಳ ಇಲ್ಲ, ರಜೆ ಇಲ್ಲ, ರಿಟೈರ್‌ಮೆಂಟ್ ಅಂತೂ ಇಲ್ಲವೇ ಇಲ್ಲ.

ಮನೆಯಲ್ಲಿ ಹಿರಿಯರಿದ್ದಾರಾ? 14567 ಸೇವ್ ಮಾಡ್ಕೊಳ್ಳಿ. ಅದು ಎಲ್ಡರ್‌ಲೈನ್, ಕರೆ ಉಚಿತ. ಪಿಂಚಣಿ, ಕಾನೂನು, ಕಿರುಕುಳ, ಯಾವುದರ ಬಗ್ಗೆ ಬೇಕಾದರೂ ಕೇಳಬಹುದು. ಜೊತೆಗೆ, ಅವರನ್ನ ನೋಡಿಕೊಳ್ಳೋರಿಗೂ ವಾರಕ್ಕೊಂದು ದಿನ ರಜೆ ಕೊಡಿ. ಆವತ್ತಿನ ಡ್ಯೂಟಿ ನಿಮ್ಮದು.