ನಾಮಪತ್ರಕ್ಕೆ ಮೊದಲೇ ಹಿಂದೆ ಸರಿದವರು

2021ರ ಜೂನ್ ಕೊನೆಯಲ್ಲಿ, ಬ್ರಿಟನ್ನಿನ ಲೀಡ್ಸ್ ಬಳಿಯ ಬ್ಯಾಟ್ಲಿಯಲ್ಲಿ ಸಂಸತ್ತಿನ ಉಪಚುನಾವಣೆಯ ಕಾವು. ಲೇಬರ್ ಪಕ್ಷದ ಅಭ್ಯರ್ಥಿ ಕಿಮ್ ಲೆಡ್‌ಬೀಟರ್ ಅವರನ್ನು ಒಬ್ಬಾತ ಬೀದಿಯಲ್ಲಿ ಬೆನ್ನಟ್ಟಿ, ಶಾಲೆಗಳಲ್ಲಿ ಸಲಿಂಗಿಗಳ ಬಗ್ಗೆ ಪಾಠ ಏಕೆಂದು ಕೂಗಾಡಿದ. ಕಿಮ್ ಸಲಿಂಗಿ, ಅದನ್ನವರು ಮುಚ್ಚಿಟ್ಟಿರಲಿಲ್ಲ. ಆತ ಅಲ್ಲಿಯವನೂ ಅಲ್ಲ. 2019ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಂಡರ್ಟನ್ ಪಾರ್ಕ್ ಶಾಲೆಯೆದುರು ಇದೇ ವಿಷಯಕ್ಕೆ ನಡೆದ ಪ್ರತಿಭಟನೆಗಳ ಮುಂದಾಳು. ಆ ವಿಡಿಯೊ ಫೋನಿನಿಂದ ಫೋನಿಗೆ ಹರಿಯಿತು. ಐದು ವರ್ಷ ಮೊದಲು ಇದೇ ಕ್ಷೇತ್ರದಲ್ಲಿ ಕಿಮ್ ಅವರ ಅಕ್ಕ, ಸಂಸದೆ ಜೋ ಕಾಕ್ಸ್ ಕೊಲೆಯಾಗಿದ್ದರು.

ಕಿಮ್ 323 ಮತಗಳಿಂದ ಗೆದ್ದರು. ಗೆದ್ದ ಮೇಲೆ ಅಪಾಯವೆಲ್ಲಿ ಎನ್ನುವವರು ಶೆಫೀಲ್ಡ್ ವಿಶ್ವವಿದ್ಯಾಲಯದ ಲೆಕ್ಕ ನೋಡಬೇಕು. 2019ರ ಸಾರ್ವತ್ರಿಕ ಚುನಾವಣೆಯ ಸುಮಾರು 42 ಲಕ್ಷ ಟ್ವೀಟ್‌ಗಳನ್ನು ಸಂಶೋಧಕರು ಜಾಲಾಡಿದರು. ಅಭ್ಯರ್ಥಿಗಳಿಗೆ ಬಂದ ಉತ್ತರಗಳಲ್ಲಿ ನಿಂದನೆಯ ಪಾಲು ಶೇಕಡಾ 4.46, 2017ರಲ್ಲಿ ಅದು 3.27 ಇತ್ತು. ಗಂಡಸರಿಗೆ ರಾಜಕೀಯ ಬೈಗುಳ ಹೆಚ್ಚು, ಹೆಂಗಸರಿಗೆ ಹೆಣ್ಣೆಂಬ ಕಾರಣಕ್ಕೇ ಬಂದ ಬೈಗುಳ ಹೆಚ್ಚು. ನನ್ನನ್ನು ಕಾಡಿದ್ದು ಇನ್ನೊಂದು ಅಂಶ: ಮತ್ತೆ ಸ್ಪರ್ಧಿಸದ ಸಂಸದರು ಆ ವರ್ಷ ಉಳಿದವರಿಗಿಂತ ಹೆಚ್ಚು ನಿಂದನೆ ಉಂಡಿದ್ದರು. ಬೈಗುಳವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಲಫ್‌ಬರೋದ ಸಂಸದೆ ನಿಕಿ ಮಾರ್ಗನ್ ಹಿಂದೆ ಸರಿದಾಗ ನಿಂದನೆಯನ್ನೂ ಕಾರಣವಾಗಿ ಹೇಳಿದ್ದರು.

ಸಂಸದರಿಗಾದರೂ ಕಚೇರಿ, ಸಿಬ್ಬಂದಿ ಉಂಟು. ಬರ್ಮಿಂಗ್‌ಹ್ಯಾಮ್ ಪಾಲಿಕೆಯ 101 ಸ್ಥಾನಗಳಿಗೆ ನಿಲ್ಲುವ ಸಾಮಾನ್ಯರಿಗೆ? ಅವರಲ್ಲೊಬ್ಬ ಸಲಿಂಗಿಯೋ ಟ್ರಾನ್ಸ್ ವ್ಯಕ್ತಿಯೋ ಇದ್ದರೆ ಬರುವ ಮಾತಿನಲ್ಲಿ ಬೈಗುಳವೇ ಇರಬೇಕೆಂದಿಲ್ಲ. ‘ಇಂಥವರ ಕೈಗೆ ಮಕ್ಕಳ ಶಾಲೆಯೇ?’ ಎಂಬಂಥ ಸಭ್ಯ ಪ್ರಶ್ನೆ ಸಾಕು. ಇಂಗ್ಲಿಷ್ ಬೈಗುಳಗಳ ಪಟ್ಟಿ ಹಿಡಿದು ಎಣಿಸುವ ತಂತ್ರಾಂಶಕ್ಕೆ ಅದು ಸಿಗದು. ಉರ್ದು, ಪಂಜಾಬಿಯ ಹೀಯಾಳಿಕೆಯಂತೂ ಮೊದಲೇ ಸಿಗದು.

ಈಗ ಆ ಎಣಿಕೆಗೂ ಕುತ್ತು. ಸಂಶೋಧಕರು ನೆಚ್ಚಿಕೊಂಡಿದ್ದ ಉಚಿತ ದತ್ತಾಂಶದ ಬಾಗಿಲನ್ನು ಟ್ವಿಟರ್ 2023ರಲ್ಲಿ ಮುಚ್ಚಿತು. ಮಳೆಮಾಪಕ ಕಿತ್ತು ನೆರೆಯ ಮುನ್ಸೂಚನೆ ಕೇಳಿದ ಹಾಗಾಯಿತು. ಮತ್ತೊಂದು ಅಳತೆಗೋಲೂ ಕೈಗೆ ಬರಲಿಲ್ಲ: ಅಭ್ಯರ್ಥಿಗಳ ವೈವಿಧ್ಯದ ಅಂಕಿಅಂಶವನ್ನು ಪಕ್ಷಗಳು ಪ್ರಕಟಿಸಬೇಕೆನ್ನುವ 2010ರ ಸಮಾನತಾ ಕಾಯ್ದೆಯ 106ನೇ ಕಲಮು ಲೈಂಗಿಕ ಒಲವನ್ನೂ ಒಳಗೊಳ್ಳುತ್ತದೆ. ಅದು ಜಾರಿಯಾಗದೆಯೇ 2024ರ ಸಾರ್ವತ್ರಿಕ ಚುನಾವಣೆಯೂ ಮುಗಿಯಿತು.

ಹಾಗಾಗಿ ಮುಂದಿನ ನಷ್ಟ ಸೋಲುಗೆಲುವಿನ ಪಟ್ಟಿಯಲ್ಲಿ ಕಾಣಿಸದು. ಮ್ಯಾಂಚೆಸ್ಟರ್‌ನಲ್ಲೋ ಲೀಡ್ಸ್‌ನಲ್ಲೋ ಒಂದು ವಾರ್ಡಿನಲ್ಲಿ ಯಾರೋ ಅರ್ಜಿ ತುಂಬುವ ಮೊದಲೇ ‘ಬೇಡ ಬಿಡು’ ಎಂದುಕೊಂಡರೆ, ಸಮೀಕ್ಷೆಗೆ ಸಿಗುವ ಹೊತ್ತಿಗೆ ಅವರು ಅಭ್ಯರ್ಥಿಯೇ ಆಗಿರುವುದಿಲ್ಲ.