ಚಕ್ರ ಮರೆತ ವಿಮಾನ

2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೊರಟಿದ್ದ ಪುಟ್ಟ ಖಾಸಗಿ ಜೆಟ್ ವಿಮಾನವೊಂದು ಹಿಂದಿರುಗಿ ಬಂದು, ಮೂತಿಯ ಚಕ್ರವಿಲ್ಲದೆಯೇ ಎಚ್‌ಎಎಲ್‌ನಲ್ಲಿ ಇಳಿಯಿತು. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ. ಇಬ್ಬರೂ ಸುರಕ್ಷಿತವಾಗಿ ಹೊರಬಂದರು. ಅದು ಯಂತ್ರದ ತೊಂದರೆ. ಯಂತ್ರವೆಲ್ಲ ಸರಿಯಿದ್ದೂ ಚಕ್ರ ಇಳಿಸಲು ಮರೆತು ಹೊಟ್ಟೆಯ ಮೇಲೆ ಇಳಿಯುವ ಸಣ್ಣ ವಿಮಾನಗಳೂ ಉಂಟು.

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ತರುವ ಟ್ರ್ಯಾಕ್ಟರಿನವನಿಗೆ ಇದು ನಗೆಯ ಮಾತಾಗಿ ಕಂಡೀತು. ಅವನ ಚಕ್ರ ಎಂದೂ ನೆಲ ಬಿಡುವುದಿಲ್ಲ. ಆಕಾಶದಲ್ಲಾದರೋ ಜೋತಾಡುವ ಚಕ್ರ ಗಾಳಿಗೆ ಅಡ್ಡ. ಅದನ್ನು ಒಳಗೆ ಮಡಚಿಕೊಂಡರೆ ವೇಗ ಹೆಚ್ಚುತ್ತದೆ, ಇಂಧನ ಉಳಿಯುತ್ತದೆ. ಹೊಸಬರು ಹಾರಾಟ ಕಲಿಯುವ ಸೆಸ್ನಾ 152ರಂಥ ವಿಮಾನಗಳಲ್ಲಿ ಚಕ್ರ ಮಡಚುವುದೇ ಇಲ್ಲ. ಮರೆಯುವ ಅವಕಾಶ ಬರುವುದು ಆಮೇಲೆ, ದೊಡ್ಡ ವಿಮಾನ ಏರಿದಾಗ.

ಮರೆವನ್ನು ಬರೀ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರುಗಳು ಕ್ಷೇಮವಾಗಿ ನೆಲ ಮುಟ್ಟಿದ ಮೇಲೆ ಇದ್ದಕ್ಕಿದ್ದಂತೆ ಕುಸಿದು ಕೂರುತ್ತಿದ್ದವು. ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಪೈಲಟ್‌ಗಳನ್ನು ಬಿಟ್ಟು ಅವರ ಮುಂದಿನ ಫಲಕವನ್ನು ನೋಡಿದ. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಎಂಬ ಹಲಗೆಗಳ ಸ್ವಿಚ್ಚು, ಚಕ್ರದ ಸ್ವಿಚ್ಚು ಎರಡೂ ಅಕ್ಕಪಕ್ಕ, ನೋಡಲು ಒಂದೇ ಥರ! ದಣಿದ ಕೈ ಫ್ಲ್ಯಾಪ್ ಬದಲು ಚಕ್ರವನ್ನು ಎತ್ತಿಬಿಡುತ್ತಿತ್ತು. ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ರೆಕ್ಕೆಯಾಕಾರದ ತುಂಡು ಅಂಟಿಸುವುದೇ ಅವನು ಕಂಡ ಪರಿಹಾರ. ಇಂದಿಗೂ ಚಕ್ರದ ಹಿಡಿಯ ತುದಿ ಚಕ್ರದಂತೆಯೇ ಇರುತ್ತದೆ. ಕಣ್ಣು ಬೇಡ, ಬೆರಳಿಗೇ ತಿಳಿಯುತ್ತದೆ.

ಆದರೆ ಹಿಡಿಯತ್ತ ಕೈಯೇ ಹೋಗದಿದ್ದರೆ? ಅದಕ್ಕೆಂದೇ ಎಂಜಿನ್ ತಗ್ಗಿಸಿದಾಗ ಚಕ್ರ ಮೇಲಿದ್ದರೆ ಭೋಂಕರಿಸುವ ಹಾರ್ನ್ ಬಂತು. ಪೈಪರ್ ಕಂಪನಿ ತನ್ನ ಆ್ಯರೋ ವಿಮಾನದಲ್ಲಿ ಚಕ್ರ ತಾನಾಗಿಯೇ ಇಳಿಯುವ ಏರ್ಪಾಡನ್ನೂ ಮಾಡಿ, ಮುಂದೆ ಕೈಬಿಟ್ಟಿತು. ಬೇಡದ ಹೊತ್ತಿನಲ್ಲಿ ಚಕ್ರ ಇಳಿಯುವುದೂ ಅಪಾಯವೇ. ಹಾರ್ನಿಗೂ ಮಿತಿಯುಂಟು. ಗೋಪುರದಿಂದ ಬಂದ ಒಂದು ಮಾತು, ಅಡ್ಡ ಬಂದ ಇನ್ನೊಂದು ವಿಮಾನ ಸಾಕು, ನಿತ್ಯದ ಕ್ರಮ ನಡುವೆ ತುಂಡಾಗುತ್ತದೆ. ಕಿವಿಯ ಪಕ್ಕದ ಹಾರ್ನ್ ತಲೆಗೆ ಇಳಿಯುವುದಿಲ್ಲ.

2020ರ ಮೇ 22ರಂದು ಕರಾಚಿಯಲ್ಲಿ ಪಾಕಿಸ್ತಾನದ ದೊಡ್ಡ ಏರ್‌ಬಸ್ ವಿಮಾನಕ್ಕೇ ಹೀಗಾಯಿತು. ಇಳಿಸಿದ ಚಕ್ರವನ್ನು ಮತ್ತೆ ಎತ್ತಿದ್ದರು. ಎಚ್ಚರಿಕೆಯ ಸದ್ದುಗಳ ನಡುವೆಯೇ ಎಂಜಿನ್‌ಗಳು ರನ್‌ವೇಯನ್ನು ಉಜ್ಜಿದವು. ಅಲ್ಲಿಯೇ ಜಾರಿ ನಿಂತಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವೇನೋ. ವಿಮಾನ ಮತ್ತೆ ಮೇಲೇರಿತು. ಜಖಂಗೊಂಡ ಎರಡೂ ಎಂಜಿನ್ ಕೈಕೊಟ್ಟು ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ 99 ಜನರಲ್ಲಿ 97 ಮಂದಿ ಸತ್ತರು.

ಪ್ರೊಪೆಲ್ಲರ್ ನೆಲ ಕೆರೆದ ಮೇಲೆ ಮತ್ತೆ ಏರಬೇಡ, ಜಾರಲು ಬಿಡು ಎಂದು ಸಣ್ಣ ವಿಮಾನದವರಿಗೆ ಹೇಳಿಕೊಡುವುದು ಇದಕ್ಕೇ. ಹೊಟ್ಟೆಯ ಮೇಲೆ ಜಾರಿದ ಸಣ್ಣ ವಿಮಾನದಿಂದ ಸಾಮಾನ್ಯವಾಗಿ ಜನ ನಡೆದುಕೊಂಡೇ ಹೊರಬರುತ್ತಾರೆ. ಪ್ರೊಪೆಲ್ಲರ್ ಬಾಗಿರುತ್ತದೆ, ಎಂಜಿನ್ ಪೂರ್ತಿ ಬಿಚ್ಚಿ ನೋಡಬೇಕಾಗುತ್ತದೆ.