ಹದ್ದಿನ ನಂತರದ ಬಾಣ ಎಲ್ಲಿಗೆ?

ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ಹೈಸ್ಕೂಲಿನಲ್ಲಿ ಈ ಚಿತ್ರ ಬರೆಯದವರು ಯಾರಿದ್ದಾರೆ? ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದು ತುದಿಯಲ್ಲಿ ಹದ್ದನ್ನು ಕೂರಿಸಿದರೆ ಎರಡು ಅಂಕ ಗ್ಯಾರಂಟಿ. ಆದರೆ ಆ ಹದ್ದು ಸತ್ತ ಮೇಲೆ ಏನಾಗುತ್ತದೆ? ಮುಪ್ಪಿನಿಂದ ಸತ್ತ ದನ ಎಲ್ಲಿಗೆ ಹೋಗುತ್ತದೆ? ಆ ಬಾಣವನ್ನು ನಮ್ಮಲ್ಲಿ ಬಹಳ ಮಂದಿ ಎಳೆಯುವುದೇ ಇಲ್ಲ.

ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಆಹಾರ ಸರಪಳಿ ಸೀರೀಸ್ ಸರ್ಕ್ಯೂಟ್ ಇದ್ದಂತೆ. ಹಬ್ಬಕ್ಕೆ ಹಾಕುವ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಸುಟ್ಟರೆ ಸಾಲೆಲ್ಲ ಕತ್ತಲು. ಆದರೆ ನಿಜವಾದ ಗದ್ದೆ, ಕಾಡು ಹಾಗಿರುವುದಿಲ್ಲ. ಹಾವಿಗೆ ಕಪ್ಪೆ ಸಿಗದಿದ್ದರೆ ಇಲಿ ಇದೆ. ಇಲಿಯನ್ನು ಹಿಡಿಯಲು ಹಾವಷ್ಟೇ ಅಲ್ಲ, ಗೂಬೆ, ಮುಂಗುಸಿಗಳೂ ಇವೆ. ಹೀಗೆ ಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡು ಆಹಾರ ಜಾಲವಾಗುತ್ತದೆ. ಇದು ಪ್ಯಾರಲಲ್ ಸರ್ಕ್ಯೂಟ್. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಹಾಗಾದರೆ ಒಂದು ಜೀವಿ ಹೋದರೆ ನಷ್ಟವೇನು? ಇದಕ್ಕೆ ಉತ್ತರ ನಮ್ಮ ದೇಶದ ರಣಹದ್ದುಗಳ ಕಥೆಯಲ್ಲಿದೆ.

ಊರಾಚೆ ಬಯಲಿನಲ್ಲಿ ಬಿಸಾಡಿದ ಸತ್ತ ದನವನ್ನು ರಣಹದ್ದುಗಳ ಹಿಂಡು ಗಂಟೆಯೊಳಗೆ ಮೂಳೆಯಷ್ಟೇ ಉಳಿಯುವಂತೆ ತಿಂದು ಮುಗಿಸಬಲ್ಲದು. ಅವುಗಳ ಜಠರದ ಆಮ್ಲ ಎಷ್ಟು ಪ್ರಬಲವೆಂದರೆ ಆಂಥ್ರಾಕ್ಸ್‌ನಂಥ ರೋಗಾಣುಗಳೂ ಅಲ್ಲಿ ಬದುಕುವುದು ಕಷ್ಟ. ಸಂಬಳ ಕೇಳದ ಪೌರಕಾರ್ಮಿಕರು ಇವು.

1990ರ ದಶಕದಲ್ಲಿ ದನಗಳ ನೋವು, ಬಾವಿಗೆ ಡೈಕ್ಲೋಫೆನಾಕ್ ಎಂಬ ಅಗ್ಗದ ಔಷಧಿ ಬಳಕೆಗೆ ಬಂತು. ದನಕ್ಕೆ ಅದರಿಂದ ಆರಾಮವಾಗುತ್ತಿತ್ತು. ಆದರೆ ಔಷಧಿ ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತಿತ್ತು. ಬಾಣದ ಗುಂಟ ಆಹಾರವಷ್ಟೇ ಅಲ್ಲ, ಅದರೊಳಗಿನ ವಿಷವೂ ಸಾಗುತ್ತದೆ! ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಡೀ ಸಂತತಿ ಕುಸಿಯಲು ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಏಕೆಂದರೆ ಒಂದೇ ದನಕ್ಕೆ ಹತ್ತಾರು ಹದ್ದುಗಳು ಮುತ್ತುತ್ತವೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಈ ನಷ್ಟ ತುಂಬಿಕೊಳ್ಳಲು ಆಗಲಿಲ್ಲ. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳು ಶೇ 99ಕ್ಕೂ ಹೆಚ್ಚು ಕಡಿಮೆಯಾದವು. ಕಾರಣ ಡೈಕ್ಲೋಫೆನಾಕ್ ಎಂಬುದು ಖಚಿತವಾಗಿ ಪ್ರಕಟವಾದದ್ದು 2004ರಲ್ಲಿ.

ಖಾಲಿಯಾದ ಜಾಗವನ್ನು ಆಹಾರ ಜಾಲ ಹಾಗೇ ಬಿಡಲಿಲ್ಲ. ಹೊಸ ಉಮೇದುವಾರರು ಬಂದರು: ಬೀದಿನಾಯಿಗಳು, ಇಲಿಗಳು. ಆದರೆ ನಾಯಿ ರಣಹದ್ದಿನಷ್ಟು ಚೊಕ್ಕಟವಾಗಿ ತಿನ್ನುವುದಿಲ್ಲ. ಅರ್ಧ ತಿಂದು ಬಿಟ್ಟದ್ದು ಕೊಳೆತು ನೀರು ಸೇರುತ್ತದೆ. ಜೊತೆಗೆ ನಾಯಿ ರೇಬಿಸ್ ಹರಡುತ್ತದೆ. ರಣಹದ್ದುಗಳು ಕಣ್ಮರೆಯಾದ ಜಿಲ್ಲೆಗಳಲ್ಲಿ 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತಿರಬಹುದು ಎಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರಿಬ್ಬರ ಅಧ್ಯಯನ ಅಂದಾಜಿಸಿದೆ. ಜಾಲದಲ್ಲಿ ಬದಲಿ ದಾರಿ ಇರುತ್ತದೆ, ನಿಜ. ಆದರೆ ಬದಲಿಯಾಗಿ ಬಂದವರು ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತಾರೆ ಎಂಬ ಖಾತರಿ ಇಲ್ಲ. ಆ ವ್ಯತ್ಯಾಸದ ಬಿಲ್ ಕಟ್ಟಿದವರು ಮನುಷ್ಯರೇ.

2006ರಲ್ಲಿ ಸರ್ಕಾರ ಪಶುಗಳಿಗೆ ಈ ಔಷಧಿ ಬಳಸುವುದನ್ನು ನಿಷೇಧಿಸಿತು. ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳೇ ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅದರ ಇಂಜೆಕ್ಷನ್ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೇನ್, ಅಸೆಕ್ಲೊಫೆನಾಕ್‌ಗಳೂ ಪಶುಗಳಿಗೆ ನಿಷಿದ್ಧವಾದವು. ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲೇ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಆದರೆ ಹದ್ದಿಗೆ ಧಾಮದ ಗಡಿ ಗೊತ್ತಿಲ್ಲ. ಊಟ ಹುಡುಕುತ್ತಾ ಅದು ಹತ್ತಾರು ಕಿಲೋಮೀಟರ್ ದೂರದ ಹಳ್ಳಿಗಳ ಮೇಲೂ ಹಾರುತ್ತದೆ.

ಮನೆಯಲ್ಲಿ ದನಕರು ಇರುವ ಗೆಳೆಯರು ಒಂದು ಕೆಲಸ ಮಾಡಬಹುದು. ಹಸುವಿಗೆ ನೋವಿನ ಇಂಜೆಕ್ಷನ್ ಬೇಕಾದಾಗ ಅದು ಯಾವುದೆಂದು ಕೇಳಿ. ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಕೊಡಬಹುದೇ ಎಂದು ಪಶುವೈದ್ಯರನ್ನು ವಿಚಾರಿಸಿ. ಹಾಗೆಯೇ, ನಿಮ್ಮ ತಮ್ಮನೋ ತಂಗಿಯೋ ಆಹಾರ ಸರಪಳಿಯ ಚಿತ್ರ ಬರೆಯುವಾಗ, ಹದ್ದಿನ ನಂತರ ಇನ್ನೊಂದು ಬಾಣ ಎಳೆಯಲು ಹೇಳಿ.